ಡಿಸ್ಚಾರ್ಜ್ ಹಾಳೆಯ ಕೊನೆಯ ಸಾಲು ಆಸ್ಪತ್ರೆಯನ್ನು ಕಾಪಾಡುತ್ತದೆಯೇ?

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯವರು. ನನ್ನ ಮಗ 30ನೇ ವಾರಕ್ಕೇ ಹುಟ್ಟಿದ. ತೂಕ 1 ಕೆಜಿ 300 ಗ್ರಾಂ. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯುನಲ್ಲಿ 41 ದಿನ ಇಟ್ಟಿದ್ದರು. ಮೊದಲ ವಾರಗಳಲ್ಲಿ ಆಕ್ಸಿಜನ್ ಕೊಟ್ಟಿದ್ದರು. ಬಿಲ್ ನಾಲ್ಕು ಲಕ್ಷ ದಾಟಿತು. ಮನೆಗೆ ಬಂದ ಮೇಲೆ ತೂಕ ನೋಡಿಸಲು ಅದೇ ಡಾಕ್ಟರ್ ಹತ್ತಿರ ಮೂರು ಸಲ ಹೋಗಿದ್ದೇವೆ. ‘ಚೆನ್ನಾಗಿ ಬೆಳೀತಿದೆ’ ಅಂದರು. ಆರು ತಿಂಗಳಾದರೂ ಮಗು ನನ್ನ ಮುಖ ನೋಡಿ ನಗಲಿಲ್ಲ. ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಹೋದಾಗ, ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಬರುವ ಕಣ್ಣಿನ ಕಾಯಿಲೆ ಆರ್‌ಒಪಿ ಐದನೇ ಹಂತ, ಎರಡೂ ಕಣ್ಣಿನ ರೆಟಿನಾ ಕಳಚಿದೆ, ಮೊದಲ ತಿಂಗಳಲ್ಲೇ ತೋರಿಸಬೇಕಿತ್ತು ಎಂದರು. ಒಂದು ಕಣ್ಣಿಗೆ ಆಪರೇಷನ್ ಆಗಿದೆ. ಬೆಳಕು ಮಾತ್ರ ಗೊತ್ತಾಗುತ್ತದೆ. ಹುಬ್ಬಳ್ಳಿಗೆ ಹೋಗಿ ಕೇಳಿದರೆ ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಸಾಲು ತೋರಿಸಿದರು. ‘ಆರ್‌ಒಪಿ ಸ್ಕ್ರೀನಿಂಗ್ ಅಡ್ವೈಸ್ಡ್’ ಅಂತ, ಅಂದರೆ ಆ ಕಾಯಿಲೆಯ ತಪಾಸಣೆ ಮಾಡಿಸಿ ಅಂತ, ಇಂಗ್ಲಿಷಿನಲ್ಲಿದೆ. ‘ನಾವು ಬರೆದಿದ್ದೇವೆ, ನೀವು ತೋರಿಸಿಲ್ಲ’ ಅಂತಾರೆ. ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ಮಗನಿಗೆ ಈಗ ಒಂದು ವರ್ಷ ಏಳು ತಿಂಗಳು. ಅತ್ತೆಯವರು ಹಣೆಬರಹ, ಕೋರ್ಟು ಕಚೇರಿ ಬೇಡ ಅಂತಾರೆ. ಇದು ಡಾಕ್ಟರ ತಪ್ಪೋ, ನಮ್ಮ ತಪ್ಪೋ? ಕೇಸ್ ಹಾಕಬಹುದಾ? ಎಲ್ಲಿ? ನಮ್ಮ ಮನೆಯವರು ಆ ಡಾಕ್ಟರನ್ನು ಒಮ್ಮೆ ಕಂಡು ಮಾತಾಡಲಾ ಎಂದು ಕೇಳುತ್ತಿದ್ದಾರೆ.

ಉತ್ತರ: ಅಮ್ಮ, ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದ ದಿನಗಳ ಲೆಕ್ಕ ಸರಿಯಿದ್ದರೆ ನಿಮ್ಮ ಕೇಸಿನಲ್ಲಿ ಹುರುಳಿದೆ. ಆಸ್ಪತ್ರೆಯವರು ತೋರಿಸುವ ಆ ಕೊನೆಯ ಸಾಲು ಅವರು ಅಂದುಕೊಂಡಷ್ಟು ಗಟ್ಟಿಯಲ್ಲ. ಯಾಕೆ ಅಂತ ತಿಳಿಯಲು ಈ ಕಾಯಿಲೆ ಹೇಗೆ ನಡೆಯುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು. ನಿಮ್ಮ ವಕೀಲರಿಗೂ ಗೊತ್ತಿರಬೇಕು. ಇದನ್ನು ಓದಿಕೊಳ್ಳಲು ಬೇಜಾರುಪಡುವವರ ಕೈಗೆ ಫೈಲ್ ಕೊಡಬೇಡಿ.

ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ಬೆಳೆಯುತ್ತವೆ. ಆ ಬೆಳವಣಿಗೆ ಮುಗಿಯುವುದು ತಿಂಗಳು ತುಂಬುವ ಹೊತ್ತಿಗೆ. ಮಗು ಮೊದಲೇ ಹುಟ್ಟಿದರೆ ಅದು ಅರ್ಧಕ್ಕೆ ನಿಲ್ಲುತ್ತದೆ. ಕೆಲವು ವಾರಗಳ ನಂತರ ಅಂಚಿನಲ್ಲಿ ಅಡ್ಡಾದಿಡ್ಡಿ ನಾಳಗಳು ಹುಟ್ಟಿಕೊಳ್ಳುತ್ತವೆ, ರಕ್ತ ಸೋರುತ್ತದೆ, ಗಾಯ ಒಣಗಿ ಎಳೆಯತೊಡಗುತ್ತದೆ, ಕೊನೆಗೆ ರೆಟಿನಾ ಜಾಗ ಬಿಟ್ಟು ಕಿತ್ತು ಬರುತ್ತದೆ. ಇದೇ ಆರ್‌ಒಪಿ. ಮಗು ಎಷ್ಟು ಬೇಗ ಹುಟ್ಟಿತೋ, ತೂಕ ಎಷ್ಟು ಕಮ್ಮಿಯೋ, ಅಪಾಯ ಅಷ್ಟು ಜಾಸ್ತಿ. ಆಕ್ಸಿಜನ್ ಹೆಚ್ಚುಕಮ್ಮಿಯಾದರೆ ಇನ್ನೂ ಜಾಸ್ತಿ. ಹಾಗಂತ ಆಕ್ಸಿಜನ್ ಕೊಟ್ಟಿದ್ದೇ ತಪ್ಪು ಎನ್ನುವಂತಿಲ್ಲ, ಜೀವ ಉಳಿಸಲು ಅದು ಬೇಕು. ದೂರಿನಲ್ಲಿ ಆ ದಾರಿ ಹಿಡಿಯಬೇಡಿ.

ಹೊರಗಿನಿಂದ ನೋಡಿದರೆ ಇದರ ಸುಳಿವೇ ಸಿಗುವುದಿಲ್ಲ. ಕಣ್ಣು ಕೆಂಪಾಗುವುದಿಲ್ಲ, ನೀರು ಬರುವುದಿಲ್ಲ, ಮಗು ಅಳುವುದಿಲ್ಲ. ತಾಯಿಗೆ ಅನುಮಾನ ಬರುವಷ್ಟರಲ್ಲಿ ಸಾಮಾನ್ಯವಾಗಿ ಹೊತ್ತು ಮೀರಿರುತ್ತದೆ. ಹಾಗಾಗಿ ‘ನಮ್ಮ ತಪ್ಪೋ’ ಎನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕಣ್ಣಿಗೆ ಡ್ರಾಪ್ಸ್ ಹಾಕಿ, ಪಾಪೆ ಹಿಗ್ಗಿಸಿ, ರೆಟಿನಾದ ಅಂಚಿನವರೆಗೂ ನೋಡುವ ತರಬೇತಿ ಇದ್ದವರು ನೋಡಿದರೆ ಮಾತ್ರ ಇದು ತಿಳಿಯುತ್ತದೆ. ನೋಡಲು ತಗಲುವುದು ಕೆಲವೇ ನಿಮಿಷ, ಎನ್‌ಐಸಿಯು ಹಾಸಿಗೆಯಲ್ಲೇ ಮಾಡಬಹುದು.

ಈಗ ದಿನಗಳ ಲೆಕ್ಕ. ಕೇಂದ್ರ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 2017ರ ಮಾರ್ಗಸೂಚಿ ಇದೆ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಮ್ಮಿ ತೂಕದ ಪ್ರತಿ ಮಗುವಿಗೂ ಆರ್‌ಒಪಿ ತಪಾಸಣೆ ಆಗಬೇಕು. ಮೊದಲ ತಪಾಸಣೆ ಹುಟ್ಟಿದ ನಾಲ್ಕು ವಾರದೊಳಗೆ. 28 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 1200 ಗ್ರಾಂಗಿಂತ ಸಣ್ಣ ಮಕ್ಕಳಿಗೆ ಇನ್ನೂ ಮುಂಚೆ, ಎರಡು ಮೂರು ವಾರಕ್ಕೆ. ಮಕ್ಕಳ ಡಾಕ್ಟರುಗಳ ನಡುವೆ ‘30 ದಿನದೊಳಗೆ’ ಎನ್ನುವುದು ಬಾಯಿಪಾಠದ ಮಾತು.

ನಿಮ್ಮ ಮಗು 30 ವಾರ, 1300 ಗ್ರಾಂ. 30ನೇ ದಿನ ಅದು ಎಲ್ಲಿತ್ತು? ಅವರ ಎನ್‌ಐಸಿಯುನಲ್ಲಿ, ಅವರ ಹಾಸಿಗೆಯಲ್ಲಿ. ನಿಮ್ಮ ಕೈಗೆ ಬಂದದ್ದು 41ನೇ ದಿನ. ಅಂದರೆ ಮೊದಲ ತಪಾಸಣೆಯ ಹೊತ್ತು ಮುಗಿದು ಹತ್ತು ದಿನಕ್ಕೂ ಮೇಲಾದ ಮೇಲೆ ‘ಮಾಡಿಸಿಕೊಳ್ಳಿ’ ಎಂದು ಬರೆದುಕೊಟ್ಟಿದ್ದಾರೆ. ಆ ಕೆಲಸ ಅವರದಾಗಿತ್ತು ಎನ್ನುವುದಕ್ಕೆ ಆ ಸಾಲೇ ಸಾಕ್ಷಿ. ಆರ್‌ಒಪಿ ಗೊತ್ತೇ ಇರಲಿಲ್ಲ ಎಂದು ಅವರು ಇನ್ನು ಹೇಳುವ ಹಾಗಿಲ್ಲ. ಗೊತ್ತಿತ್ತು, ಹಾಗಿದ್ದರೆ 30ನೇ ದಿನ ಯಾಕೆ ಮಾಡಲಿಲ್ಲ? ಇಡೀ ಕೇಸು ನಿಲ್ಲುವುದು ಈ ಒಂದು ಪ್ರಶ್ನೆಯ ಮೇಲೆ.

ಅವರಿಗೆ ಒಂದು ಒಳ್ಳೆಯ ಉತ್ತರ ಇರಬಹುದು. ಮಗು ಆ ಹೊತ್ತಿಗೆ ವೆಂಟಿಲೇಟರಿನ ಮೇಲಿದ್ದು, ಕಣ್ಣು ಮುಟ್ಟುವ ಸ್ಥಿತಿಯಲ್ಲೇ ಇರಲಿಲ್ಲ ಎಂದು ಹೇಳಬಹುದು. ಅದು ನಿಜವಾಗಿದ್ದರೆ ಕೇಸ್ ಶೀಟಿನಲ್ಲಿ ಬರೆದಿರುತ್ತಾರೆ. ‘ಸ್ಕ್ರೀನಿಂಗ್ ಮುಂದೂಡಿದೆ, ಕಾರಣ ಇಂಥದ್ದು’ ಎಂಬ ನೋಟ್ ಇದ್ದರೆ ನಿಮ್ಮ ಕೇಸಿನ ಬಲ ಕಮ್ಮಿಯಾಗುತ್ತದೆ. ಇಲ್ಲದಿದ್ದರೆ, ಈಗ ಹುಟ್ಟಿಕೊಂಡ ನೆನಪಿಗೆ ಜಾಸ್ತಿ ಬೆಲೆ ಇರುವುದಿಲ್ಲ. ‘ನಮ್ಮಲ್ಲಿ ರೆಟಿನಾ ಡಾಕ್ಟರ್ ಇರಲಿಲ್ಲ’ ಎನ್ನುವ ಮಾತೂ ಬರಬಹುದು. ಕರ್ನಾಟಕದಲ್ಲಿ ಆ ಮಾತು ಅಷ್ಟು ಓಡುವುದಿಲ್ಲ. 2008ರಿಂದಲೇ ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಎನ್‌ಐಸಿಯುಗಳಿಗೆ ಹೋಗುತ್ತಿದ್ದಾರೆ. ಮಗುವಿನ ರೆಟಿನಾದ ಚಿತ್ರ ತೆಗೆದರೆ ದೂರದಲ್ಲಿ ಕೂತ ಡಾಕ್ಟರ್ ನೋಡಿ ಹೇಳುತ್ತಾರೆ. ಎನ್‌ಐಸಿಯು ನಡೆಸಿ ದಿನಕ್ಕಿಷ್ಟು ಎಂದು ಬಿಲ್ ಮಾಡುವವರು ಕಣ್ಣಿನ ತಪಾಸಣೆಗೂ ಒಂದು ದಾರಿ ಮಾಡಿಕೊಂಡಿರಬೇಕು, ಅಲ್ವಾ?

ಇನ್ನು ಡಿಸ್ಚಾರ್ಜ್ ಆದ ಮೇಲಿನ ಮೂರು ಭೇಟಿಗಳು. ನೀವು ಇದನ್ನು ಸುಮ್ನೆ ಹಾಗೇ ಬರೆದಿದ್ದೀರಿ, ನನಗೆ ಅದು ತುಂಬಾ ಮುಖ್ಯ ಅನಿಸಿತು. ‘ಕಣ್ಣು ತೋರಿಸಿದ್ರಾ?’ ಎಂದು ಕೇಳಲು ಡಾಕ್ಟರಿಗೆ ಮೂರು ಅವಕಾಶ ಸಿಕ್ಕಿತ್ತು. ಮೊದಲ ಭೇಟಿ ಡಿಸ್ಚಾರ್ಜ್ ಆಗಿ ಒಂದೆರಡು ವಾರದಲ್ಲೇ ಆಗಿದ್ದರೆ ಆಗಲೂ ಕಣ್ಣು ಉಳಿಸಿಕೊಳ್ಳುವ ಸಾಧ್ಯತೆ ಇದ್ದಿರಬಹುದು. ಆ ಓಪಿಡಿ ಚೀಟಿಗಳು, ತಾಯಿ ಕಾರ್ಡು, ಲಸಿಕೆ ಬರೆದ ಪುಟ, ಔಷಧಿ ಅಂಗಡಿಯ ಬಿಲ್ಲು, ಯಾವುದನ್ನೂ ಬಿಸಾಡಬೇಡಿ. ಆ ಚೀಟಿಗಳಲ್ಲಿ ತೂಕ, ಟಾನಿಕ್ ಮಾತ್ರ ಬರೆದಿದ್ದು ಕಣ್ಣಿನ ಸುದ್ದಿಯೇ ಇಲ್ಲದಿದ್ದರೆ, ‘ನಾವು ಬಾಯಲ್ಲೂ ಹೇಳಿದ್ದೆವು’ ಎಂದು ಆಸ್ಪತ್ರೆಯವರು ಸಾಧಿಸುವುದು ಕಷ್ಟವಾಗುತ್ತದೆ.

ಸುಪ್ರೀಂ ಕೋರ್ಟ್ ಇಂಥ ಎರಡು ಕೇಸುಗಳನ್ನು ತೀರ್ಮಾನಿಸಿದೆ. ಎರಡನ್ನೂ ನಿಮ್ಮ ವಕೀಲರು ಹತ್ತಿರ ಇಟ್ಟುಕೊಳ್ಳಲಿ.

ಮೊದಲನೆಯದು ಚೆನ್ನೈ ಎಗ್ಮೋರಿನ ಸರ್ಕಾರಿ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಯದು. 1996ರಲ್ಲಿ 29ನೇ ವಾರಕ್ಕೆ ಹುಟ್ಟಿದ ಹೆಣ್ಣು ಮಗು, ತೂಕ 1250 ಗ್ರಾಂ. ಮೂರು ವಾರಕ್ಕೂ ಹೆಚ್ಚು ಅಲ್ಲಿಟ್ಟು ಮನೆಗೆ ಕಳಿಸಿದರು. ಆರ್‌ಒಪಿ ಪರೀಕ್ಷೆ ಆಗಲಿಲ್ಲ. ನಾಲ್ಕೂವರೆ ತಿಂಗಳಿಗೆ ಬೇರೆ ಡಾಕ್ಟರೊಬ್ಬರು ಗುರುತಿಸುವ ಹೊತ್ತಿಗೆ ದೃಷ್ಟಿ ಹೋಗಿತ್ತು. ರಾಷ್ಟ್ರೀಯ ಗ್ರಾಹಕ ಆಯೋಗ 5 ಲಕ್ಷ ಕೊಡಿಸಿತ್ತು. 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸುಮಾರು 1.8 ಕೋಟಿಗೆ ಏರಿಸಿತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ತಂದೆತಾಯಿಗೆ ಎಚ್ಚರಿಕೆಯೇ ಇರಲಿಲ್ಲ ಎಂಬುದನ್ನು ಕೋರ್ಟ್ ಎತ್ತಿ ಹೇಳಿತು. ನಿಮ್ಮ ಆಸ್ಪತ್ರೆಯ ವಕೀಲರು ‘ಅಲ್ಲಿ ಬರೆದಿರಲಿಲ್ಲ, ಇಲ್ಲಿ ಬರೆದಿದೆ’ ಎಂದು ವ್ಯತ್ಯಾಸ ತೋರಿಸುವುದು ಖಂಡಿತ. ಅದಕ್ಕೆ ಉತ್ತರ ಮೇಲೆ ಹೇಳಿದ ದಿನಗಳ ಲೆಕ್ಕವೇ.

ಎರಡನೆಯದು ದೆಹಲಿಯ ಮಹಾರಾಜ ಅಗ್ರಸೇನ್ ಆಸ್ಪತ್ರೆಯ ಪ್ರಕರಣ. ಇದು ಖಾಸಗಿ ಆಸ್ಪತ್ರೆಯದು, ಆದ್ದರಿಂದ ನಿಮಗೆ ಇನ್ನೂ ಹತ್ತಿರ. 2005ರ ಏಪ್ರಿಲಿನಲ್ಲಿ 32ನೇ ವಾರಕ್ಕೆ ಹುಟ್ಟಿದ ಗಂಡು ಮಗು, ಒಂದೂವರೆ ಕೆಜಿಗೆ ಸ್ವಲ್ಪ ಕಮ್ಮಿ. ತಪಾಸಣೆ ಮಾಡಿದ್ದೆವು ಎಂದು ಆಸ್ಪತ್ರೆ ವಾದಿಸಿತು. ಕೋರ್ಟ್ ಅದನ್ನು ಒಪ್ಪಲಿಲ್ಲ. 2019ರ ಡಿಸೆಂಬರಿನಲ್ಲಿ ಒಟ್ಟು 76 ಲಕ್ಷ ಪರಿಹಾರ ಕೊಡಲು ಹೇಳಿತು. ತನ್ನಲ್ಲಿ ಕೆಲಸ ಮಾಡುವ ಡಾಕ್ಟರುಗಳ ನಿರ್ಲಕ್ಷ್ಯಕ್ಕೆ ಆಸ್ಪತ್ರೆಯೂ ಹೊಣೆ ಎಂದು ಸ್ಪಷ್ಟವಾಗಿ ಹೇಳಿತು. ಹಾಗಾಗಿ ಡಾಕ್ಟರ್ ಒಬ್ಬರ ಮೇಲೆ ಮಾತ್ರ ದೂರು ಕೊಡಬೇಡಿ, ಆಸ್ಪತ್ರೆಯನ್ನು ಮೊದಲ ಎದುರುದಾರ ಮಾಡಿ. ‘ಅವರು ನಮ್ಮ ನೌಕರರಲ್ಲ, ವಿಸಿಟಿಂಗ್’ ಎನ್ನುವುದು ಆಸ್ಪತ್ರೆಗಳ ಹಳೆಯ ರಾಗ.

ಈಗ ಮಾಡಬೇಕಾದ್ದು. ಮೊದಲು ದಾಖಲೆ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಪೂರ್ತಿ ಕೇಸ್ ಶೀಟ್ ಬೇಕು. ನರ್ಸುಗಳು ಗಂಟೆಗಂಟೆಗೆ ಬರೆದ ಚಾರ್ಟು, ಆಕ್ಸಿಜನ್ ಎಷ್ಟು ಕೊಟ್ಟರು ಎಂಬ ದಾಖಲೆ, ರೌಂಡ್ಸಿನ ನೋಟ್ಸ್, ಬೇರೆ ಡಾಕ್ಟರನ್ನು ಕರೆಸಲು ಬರೆದ ರೆಫರಲ್ ಚೀಟಿ, ಎಲ್ಲ ಬೇಕು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆಯ ಪ್ರತಿ ಕೊಡಬೇಕು. ಕನ್ನಡದಲ್ಲೇ ಅರ್ಜಿ ಬರೆಯಿರಿ, ಮಗುವಿನ ಐಪಿ ನಂಬರ್ (ಒಳರೋಗಿ ಸಂಖ್ಯೆ) ಹಾಕಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಸೀಲ್ ಹಾಕಲ್ಲ ಎಂದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅದೇ ನಿಯಮದಲ್ಲಿ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕು ಎಂದಿದೆ. ಅದಕ್ಕೇ ‘ಆಮೇಲೆ ನೋಡೋಣ’ ಬೇಡ. ಪ್ರತಿ ಕೈಗೆ ಬಂದ ದಿನ ಪ್ರತಿ ಪುಟದ ಫೋಟೋ ತೆಗೆದು, ಪುಟಗಳಿಗೆ ನಂಬರ್ ಹಾಕಿ. ಮುಂದೆ ಇದಕ್ಕಿಂತ ಬೇರೆ ಥರದ ಪ್ರತಿ ಆಯೋಗದ ಮುಂದೆ ಬಂದರೆ ಆಗ ಈ ಫೋಟೋಗಳು ಮಾತಾಡುತ್ತವೆ.

ಎಲ್ಲಿ ದೂರು ಕೊಡಬೇಕು? ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಗೆ ಬರುತ್ತದೆ ಎಂದು 1995ರಲ್ಲೇ ತೀರ್ಮಾನವಾಗಿದೆ. ಮಗುವೂ ಗ್ರಾಹಕ, ದುಡ್ಡು ಕೊಟ್ಟ ತಂದೆತಾಯಿಯೂ ಗ್ರಾಹಕರು ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಮಗನ ಪರವಾಗಿಯೂ ನಿಮ್ಮ ಪರವಾಗಿಯೂ ಬೇರೆ ಬೇರೆ ಪರಿಹಾರ ಕೇಳಬಹುದು. 2019ರ ಕಾಯ್ದೆ ಬಂದ ಮೇಲೆ ಎರಡು ಅನುಕೂಲ ಆಗಿದೆ. ಒಂದು, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಸ್ಪತ್ರೆ ಹುಬ್ಬಳ್ಳಿಯಲ್ಲಿದ್ದರೂ ಹಾವೇರಿಯ ಆಯೋಗಕ್ಕೆ ಅವರೇ ಬರಬೇಕು. ಎರಡು, ಯಾವ ಆಯೋಗ ಎಂಬುದು ನೀವು ಕೇಳುವ ಪರಿಹಾರದ ಮೇಲೆ ನಿಲ್ಲುವುದಿಲ್ಲ, ನೀವು ಕಟ್ಟಿದ ಹಣದ ಮೇಲೆ ನಿಲ್ಲುತ್ತದೆ. 50 ಲಕ್ಷದವರೆಗೆ ಕಟ್ಟಿದ್ದರೆ ಜಿಲ್ಲಾ ಆಯೋಗವೇ. ನೀವು ಕಟ್ಟಿದ್ದು ನಾಲ್ಕು ಲಕ್ಷ ಚಿಲ್ಲರೆ, ಹಾಗಾಗಿ ಕೋಟಿ ಕೇಳಿದರೂ ಹಾವೇರಿಯಲ್ಲೇ ಕೇಳಬಹುದು. ಐದು ಲಕ್ಷದೊಳಗೆ ಕಟ್ಟಿದವರಿಗೆ ದೂರಿನ ಶುಲ್ಕವೂ ಇಲ್ಲ.

ಕಾಲಮಿತಿ ಎರಡು ವರ್ಷ. ಯಾವತ್ತಿನಿಂದ? ಬೆಂಗಳೂರಿನಲ್ಲಿ ಗೊತ್ತಾದ ದಿನದಿಂದ ಎಂದು ನೀವು ಹೇಳುತ್ತೀರಿ. ಒಳಗೇ ಅಡಗಿದ್ದ ಹಾನಿ ತಡವಾಗಿ ಗೊತ್ತಾದರೆ ಗೊತ್ತಾದ ದಿನದಿಂದ ಲೆಕ್ಕ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದೂ ನಿಮ್ಮ ಕಡೆಗಿದೆ. ಆದರೆ ಎದುರಿನವರು ಡಿಸ್ಚಾರ್ಜ್ ದಿನದಿಂದ ಎಣಿಸುತ್ತಾರೆ. ಆ ಜಗಳಕ್ಕೆ ಆಸ್ಪದವೇ ಬೇಡ. ಮಗನಿಗೆ ಎರಡು ವರ್ಷ ತುಂಬುವ ಮೊದಲೇ ದೂರು ದಾಖಲಾಗಿರಲಿ. ಯಾರ ಲೆಕ್ಕದಲ್ಲೂ ತಡ ಆಗುವುದಿಲ್ಲ. ನಿಮಗೆ ಐದು ತಿಂಗಳಿವೆ. ದಾಖಲೆ ತರಿಸಿ, ಓದಿಸಿ, ದೂರು ಬರೆಸಲು ಅಷ್ಟು ಸಾಕು.

ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು. ಅವರು ಡಾಕ್ಟರ ನೋಂದಣಿ ಅಮಾನತು ಮಾಡಬಹುದು, ದುಡ್ಡು ಕೊಡಿಸುವುದಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ ಇದೆ. ಆಸ್ಪತ್ರೆ ದಾಖಲೆ ಕೊಡಲು ಸತಾಯಿಸಿದರೆ ಅಲ್ಲಿಗೆ ಬರೆಯಿರಿ. ಪೊಲೀಸ್ ಠಾಣೆಯ ದಾರಿ ನಾನು ಹೇಳುವುದಿಲ್ಲ. ಕ್ರಿಮಿನಲ್ ಕೇಸಿಗೆ ಬೇಕಾದ ನಿರ್ಲಕ್ಷ್ಯದ ಮಟ್ಟ ತುಂಬಾ ಮೇಲಿನದು ಎಂದು 2005ರಲ್ಲೇ ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ. ಆಸ್ಪತ್ರೆ ಮುಂದೆ ಗಲಾಟೆ, ಫೇಸ್‌ಬುಕ್ಕಿನಲ್ಲಿ ಡಾಕ್ಟರ ಫೋಟೋ ಹಾಕುವುದು ಇವೆಲ್ಲ ನಿಮ್ಮ ಮೇಲೇ ಕೇಸು ತರಿಸುತ್ತವೆ.

ಎಲ್ಲ ಸರಿ ಹೋದರೂ ಒಂದು ಕಡೆ ನಿಮಗೆ ಕಷ್ಟ ಆಗುತ್ತದೆ, ಅದನ್ನೂ ಹೇಳಬೇಕು. ‘ತಪಾಸಣೆ ಮಾಡಿದ್ದರೂ ಕಣ್ಣು ಉಳಿಯುತ್ತಿರಲಿಲ್ಲ’ ಎಂದು ಅವರು ವಾದಿಸುತ್ತಾರೆ. ಇದು ಪೂರ್ತಿ ಸುಳ್ಳಲ್ಲ. ಆರ್‌ಒಪಿಯಲ್ಲಿ ತುಂಬಾ ವೇಗವಾಗಿ ಏರುವ ಒಂದು ಬಗೆ ಇದೆ, ಅದರಲ್ಲಿ ಚಿಕಿತ್ಸೆ ಕೊಟ್ಟರೂ ಕೆಲವು ಕಣ್ಣು ಹೋಗುತ್ತವೆ. ಅಮೆರಿಕದಲ್ಲಿ ನಡೆದ, 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಬೇಗ ಚಿಕಿತ್ಸೆ ಕೊಟ್ಟ ಅಪಾಯದ ಕಣ್ಣುಗಳಲ್ಲೂ ಶೇ. 9ರಷ್ಟರಲ್ಲಿ ರೆಟಿನಾದ ಸ್ಥಿತಿ ಕೆಟ್ಟಿತ್ತು. ತಿರುಗಿಸಿ ನೋಡಿದರೆ ಹತ್ತರಲ್ಲಿ ಒಂಬತ್ತು ಕಣ್ಣುಗಳಲ್ಲಿ ಹಾಗಾಗಲಿಲ್ಲ. ನಿಮ್ಮ ವಾದ ಇಷ್ಟೇ ಇರಲಿ: ಆ ಅವಕಾಶ ನಮ್ಮ ಮಗುವಿಗೆ ಸಿಗಲೇ ಇಲ್ಲ. ಇದನ್ನು ಹೇಳಲು ಒಬ್ಬ ರೆಟಿನಾ ತಜ್ಞರ ಲಿಖಿತ ಅಭಿಪ್ರಾಯ ಬೇಕು. ತಜ್ಞರ ಅಭಿಪ್ರಾಯ ಎಲ್ಲ ಕೇಸಿಗೂ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ, ನಿಜ. ಆದರೂ ತನ್ನಿ. ಇನ್ನೊಬ್ಬ ಡಾಕ್ಟರ ವಿರುದ್ಧ ಬರೆದುಕೊಡಲು ಡಾಕ್ಟರುಗಳು ಹಿಂದೆಮುಂದೆ ನೋಡುತ್ತಾರೆ. ‘ಅವರದು ತಪ್ಪು ಅಂತ ಬರೆದುಕೊಡಿ’ ಎಂದರೆ ಯಾರೂ ಕೊಡುವುದಿಲ್ಲ. ‘30 ವಾರದ, 1300 ಗ್ರಾಂ ಮಗುವಿಗೆ ಮೊದಲ ತಪಾಸಣೆ ಯಾವಾಗ ಆಗಬೇಕು? ಆಗ ಕಂಡುಹಿಡಿದಿದ್ದರೆ ಏನು ಚಿಕಿತ್ಸೆ ಇತ್ತು?’ ಎಂದು ಕೇಳಿ. ಇದಕ್ಕೆ ಬರೆದುಕೊಡುವವರು ಸಿಗುತ್ತಾರೆ.

ಕಣ್ಣಿನ ವಿಷಯದಲ್ಲಿ ಆದ ಎಲ್ಲ ಬೇಸರವೂ ಕೇಸ್ ಆಗುವುದಿಲ್ಲ ಎಂದು ಉಳಿದ ಓದುಗರಿಗೆ ಇಲ್ಲೇ ಹೇಳಿಬಿಡುತ್ತೇನೆ. ಮೆಳ್ಳೆಗಣ್ಣಿನ ಆಪರೇಷನ್ ಒಮ್ಮೆ ಮಾಡಿ ಮತ್ತೊಮ್ಮೆ ಮಾಡಬೇಕಾಗಿ ಬಂದರೆ ಅದು ನಿರ್ಲಕ್ಷ್ಯವಲ್ಲ. ಮೊದಲೇ ಹೇಳಿ, ಒಪ್ಪಿಗೆ ಪತ್ರದಲ್ಲಿ ಬರೆಸಿದ್ದರೆ ದೂರಿಗೆ ಜಾಗವೇ ಇಲ್ಲ. ಆದರೆ ಮಗುವಿನ ಪಾಪೆ ಬೆಳ್ಳಗೆ ಕಾಣುತ್ತದೆ ಎಂದು ತಾಯಿ ಹೇಳಿದರೂ ‘ದೊಡ್ಡವನಾದ ಮೇಲೆ ನೋಡೋಣ’ ಎಂದು ಕಳಿಸಿದರೆ ಅದು ಬೇರೆ ಮಾತು. ಹುಟ್ಟು ಪೊರೆ ಇರಬಹುದು, ಕಣ್ಣಿನ ಕ್ಯಾನ್ಸರೂ ಇರಬಹುದು. ಎರಡರಲ್ಲೂ ಕಾಯುವ ಪ್ರತಿ ವಾರವೂ ನಷ್ಟವೇ.

ಎಷ್ಟು ಕೇಳಬೇಕು? ಆದ ಖರ್ಚಿನ ಬಿಲ್ಲುಗಳು, ಬೆಂಗಳೂರಿಗೆ ಓಡಾಡಿದ ಬಸ್ ಟಿಕೆಟು, ಉಳಿದುಕೊಂಡ ರೂಮಿನ ಬಾಡಿಗೆ, ನೀವು ಕೆಲಸ ಬಿಟ್ಟಿದ್ದರೆ ಆ ಸಂಬಳ, ಮುಂದೆ ವಿಶೇಷ ಶಾಲೆ, ಜೊತೆಗೊಬ್ಬರು ಇರಬೇಕಾದ ವರ್ಷಗಳು, ಎಲ್ಲ ಸೇರಿಸಿ. ಚೆನ್ನೈ ತೀರ್ಪಿನಲ್ಲಿ ಕೋರ್ಟ್ ಮುಂದಿನ ಬೆಲೆ ಏರಿಕೆಯನ್ನೂ ಲೆಕ್ಕಕ್ಕೆ ಹಿಡಿಯಿತು, ನೀವೂ ಹಿಡಿಯಿರಿ. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು ಎಂದು ಕಾಯ್ದೆ ಹೇಳುತ್ತದೆ. ವೈದ್ಯಕೀಯ ಕೇಸುಗಳು ಅಷ್ಟರಲ್ಲಿ ಮುಗಿಯುವುದಿಲ್ಲ. ವಾಯಿದೆ ಮೇಲೆ ವಾಯಿದೆ ಬೀಳುತ್ತದೆ, ಗೆದ್ದರೂ ಮೇಲ್ಮನವಿ ಇರುತ್ತದೆ. ಚೆನ್ನೈ ಮಗು ಕೊನೆಯ ತೀರ್ಪಿನ ಹೊತ್ತಿಗೆ 18 ದಾಟಿದ್ದಳು. ಆದರೆ ಆಸ್ಪತ್ರೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ ಪರಿಹಾರದ ಅರ್ಧ ಹಣ ಮೊದಲು ಠೇವಣಿ ಇಡಬೇಕು, ಅಷ್ಟು ಹಿಡಿತ ಕಾಯ್ದೆಯಲ್ಲಿದೆ.

ಹಾಗಾಗಿ ಮಗನ ದಿನಚರಿಯನ್ನು ಕೇಸಿಗೆ ಕಟ್ಟಿಹಾಕಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗೆ ಬೇಗನೇ ನೆರವು ಕೊಡುವ ಕೇಂದ್ರವನ್ನು ವಿಚಾರಿಸಿ. ದೃಷ್ಟಿ ಕಮ್ಮಿ ಇರುವ ಮಕ್ಕಳಿಗೆ ಸದ್ದು, ಸ್ಪರ್ಶ, ಉಳಿದ ಬೆಳಕು ಇವುಗಳಿಂದಲೇ ಕಲಿಸುವ ತರಬೇತಿ ಈ ವಯಸ್ಸಿನಲ್ಲೇ ಶುರುವಾಗಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ. ಸೌಲಭ್ಯಕ್ಕೂ ಬೇಕು, ಆಯೋಗದ ಮುಂದೆ ಅಂಗವೈಕಲ್ಯದ ಪ್ರಮಾಣ ತೋರಿಸಲೂ ಅದೇ ಕಾಗದ ಬೇಕು.

ಕೊನೆಗೆ ನಿಮ್ಮ ಮನೆಯವರ ಪ್ರಶ್ನೆ. ಹೋಗಲಿ, ಮಾತಾಡಲಿ, ತಪ್ಪೇನಿಲ್ಲ. ಆದರೆ ಕೇಸ್ ಶೀಟಿನ ಪ್ರತಿ ಕೈಗೆ ಬಂದ ಮೇಲೆ ಹೋಗಲಿ, ಅದಕ್ಕೆ ಮೊದಲು ಬೇಡ. ಒಬ್ಬರೇ ಹೋಗುವುದು ಬೇಡ, ನಿಮ್ಮ ಅಣ್ಣನೋ ಭಾವನೋ ಸಮಾಧಾನ ಇರುವವರೊಬ್ಬರು ಜೊತೆಗಿರಲಿ. ಕೇಳಬೇಕಾದ್ದು ಒಂದೇ: ‘30ನೇ ದಿನ ಕಣ್ಣು ಯಾಕೆ ನೋಡಿಸಲಿಲ್ಲ?’ ಡಾಕ್ಟರ್ ಮಾತಾಡಲಿ, ಇವರು ಕೇಳಿಸಿಕೊಳ್ಳಲಿ, ಮನೆಗೆ ಬಂದು ತಾರೀಕು ಹಾಕಿ ಬರೆದಿಡಲಿ. ಬಿಲ್ಲಿನ ಹಣ ವಾಪಸ್ ಕೊಡುತ್ತೇವೆ, ಇಲ್ಲಿ ಸಹಿ ಮಾಡಿ ಎಂದು ಆಸ್ಪತ್ರೆ ಕಡೆಯವರು ಹೇಳಬಹುದು. ಆ ಹಾಳೆಯನ್ನು ಮನೆಗೆ ತೆಗೆದುಕೊಂಡು ಬನ್ನಿ, ವಕೀಲರಿಗೆ ತೋರಿಸುವವರೆಗೆ ಸಹಿ ಬೇಡ. ರಾಜಿ ಮಾಡಿಕೊಳ್ಳುವ ಮನಸ್ಸಿದ್ದರೂ ಅದು ಆಯೋಗದ ಮುಂದೆ, ಮಗನ ಹೆಸರಿನಲ್ಲಿ ಠೇವಣಿ ಇಡುವ ಷರತ್ತಿನ ಜೊತೆ ದಾಖಲಾಗಲಿ.